ಬಟಾಣಿಯ ಬೂದಿ ರೋಗಕ್ಕೆ ತಳಿಯೋ, ಗಂಧಕವೋ, ಮಜ್ಜಿಗೆಯೋ?

ಬೆಂಗಳೂರು ಸುತ್ತಿನ ಬಯಲುಸೀಮೆಯಲ್ಲಿ ಹಿಂಗಾರಿಗೆ ಬಿತ್ತುವ ಬಟಾಣಿಗೆ ಮೊದಲ ಶತ್ರು ಬೂದಿ ರೋಗ, ಅಂದರೆ ಎಲೆಯ ಮೇಲೆ ಬಿಳಿ ಪುಡಿಯಂತೆ ಕೂರುವ ಶಿಲೀಂಧ್ರ. ಹಗಲು ಒಣ ಬಿಸಿಲು, ರಾತ್ರಿ ಚಳಿ, ಬೆಳಗ್ಗೆ ಇಬ್ಬನಿ ಇರುವ ಡಿಸೆಂಬರ್ ಹವೆ ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಈ ಶಿಲೀಂಧ್ರ ಹಬ್ಬಲು ಎಲೆಯ ಮೇಲೆ ನೀರು ನಿಲ್ಲಬೇಕಾಗಿಲ್ಲ. ಜೋರು ಮಳೆ ಬಂದರೆ ಬೂದಿ ತೊಳೆದೇ ಹೋಗುತ್ತದೆ. ಅರ್ಕೆಲ್ ಮತ್ತು ಅರ್ಕಾ ಅಜಿತ್ ತಳಿಗಳನ್ನು ಪಕ್ಕಪಕ್ಕದ ಮಡಿಗಳಲ್ಲಿ ಬಿತ್ತಿ, ಅರ್ಕೆಲ್ ಸಾಲುಗಳಿಗೆ ಗಂಧಕ, ಮಜ್ಜಿಗೆ, ಅಡುಗೆ ಸೋಡಾ ಎಂಬ ಮೂರು ಬಗೆಯ ಸಿಂಪರಣೆ ಕೊಟ್ಟು ನೋಡಿದ್ದೇವೆ. ಔಷಧಿಗಿಂತ ಮೊದಲು ತಳಿ ಮತ್ತು ಬಿತ್ತನೆ ಸಮಯ ಆರಿಸಿಕೊಳ್ಳಿ ಎಂಬುದೇ ನಮ್ಮ ಖಚಿತ ಅಭಿಪ್ರಾಯ.

ಅರ್ಕೆಲ್ ಗಿಡ್ಡ ತಳಿ. ಬಿತ್ತಿದ 55–60 ದಿನಕ್ಕೆ ಮೊದಲ ಕೊಯ್ಲು ಸಿಗುತ್ತದೆ, ಕಾಳು ಸಿಹಿ. ಬೂದಿ ರೋಗ ತಡೆಯುವ ಶಕ್ತಿ ಇದಕ್ಕಿಲ್ಲ, ಆದರೆ ಬೇಗ ಮುಗಿಯುವುದರಿಂದ ತಪ್ಪಿಸಿಕೊಳ್ಳುತ್ತದೆ. ಅಕ್ಟೋಬರ್ ಮೊದಲ ವಾರ ಬಿತ್ತಿದರೆ ರೋಗ ಏರುವಷ್ಟರಲ್ಲಿ ಹೆಚ್ಚಿನ ಕಾಯಿ ಕೈಗೆ ಬಂದಿರುತ್ತದೆ. ನವೆಂಬರ್ ಕೊನೆಗೆ ಬಿತ್ತಿದರೆ ಹೂ ಬಿಡುವಾಗಲೇ ಬೂದಿ ಕೂರುತ್ತದೆ. ಬೇಗ ಬಿತ್ತುವುದರಲ್ಲೂ ಒಂದು ತೊಡಕುಂಟು: ಅಕ್ಟೋಬರ್ ಮಳೆ. ಅರ್ಕೆಲ್‌ನ ಸುಕ್ಕು ಬೀಜದಲ್ಲಿ ಸಕ್ಕರೆ ಹೆಚ್ಚು. ಒದ್ದೆ ಮಣ್ಣಿನಲ್ಲಿ ಅದು ಹೊರಗೆ ಒಸರಿ, ಕೊಳೆಸುವ ಶಿಲೀಂಧ್ರಗಳನ್ನು ಕರೆಯುತ್ತದೆ. ಆದ್ದರಿಂದ ಏರುಮಡಿ ಮಾಡಿ, ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಲೇಪಿಸಿ, 3–4 ಸೆಂ.ಮೀ. ಆಳಕ್ಕೆ ಊರಿ. ರಾತ್ರಿಯಿಡೀ ನೆನೆಹಾಕಬೇಡಿ.

ಅರ್ಕಾ ಅಜಿತ್ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ; ಬೂದಿ ರೋಗ, ತುಕ್ಕು ರೋಗ ಎರಡಕ್ಕೂ ನಿರೋಧಕ. ಸುಮಾರು 90 ದಿನದ ಬೆಳೆ. ಪಕ್ಕದ ಅರ್ಕೆಲ್ ಎಲೆಯನ್ನು ಹೆಬ್ಬೆರಳಲ್ಲಿ ಉಜ್ಜಿದರೆ ಸೀಮೆಸುಣ್ಣದಂಥ ಪುಡಿ ಅಂಟುತ್ತದೆ, ಅದರಡಿ ಎಲೆ ಹಳದಿಗೆ ತಿರುಗಿರುತ್ತದೆ. ಅದೇ ಹೊತ್ತಿಗೆ ಅಜಿತ್ ಎಲೆ ಹಸಿರಾಗಿಯೇ ಇರುತ್ತದೆ. ಬಳ್ಳಿ ಅರ್ಕೆಲ್‌ಗಿಂತ ಎತ್ತರ ಹೋಗುವುದರಿಂದ ಕಡ್ಡಿ ಅಥವಾ ದಾರದ ಆಸರೆ ಕೊಡಬೇಕು. ಮೊದಲ ಪೇಟೆ ಬೆಲೆ ಹಿಡಿಯಬೇಕೆನ್ನುವವರಿಗೆ ಅರ್ಕೆಲ್ ಸರಿ. ಬಿತ್ತನೆ ತಡವಾದವರಿಗೆ, ಔಷಧಿ ಹೊಡೆಯಲು ಮನಸ್ಸಿಲ್ಲದ ಕೈತೋಟದವರಿಗೆ ನಮ್ಮ ಆಯ್ಕೆ ಅಜಿತ್.

ಇನ್ನು ಸಿಂಪರಣೆ. ಮೂರರಲ್ಲಿ ನೀರಿನಲ್ಲಿ ಬೆರೆಯುವ ಗಂಧಕದ್ದೇ ಮೇಲುಗೈ. ಲೀಟರಿಗೆ 3 ಗ್ರಾಂ ಸಾಕು. ಮೊದಲು ಸ್ವಲ್ಪ ನೀರಿನಲ್ಲಿ ಗೊಜ್ಜಿನ ಹದಕ್ಕೆ ಕಲಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಕ್ಯಾನಿಗೆ ಸುರಿಯಿರಿ. ನೇರ ಹಾಕಿದರೆ ನಾಜಲ್ ಕಟ್ಟುತ್ತದೆ. ಗಂಧಕ ತಳಕ್ಕೆ ಇಳಿಯುವುದರಿಂದ ಹೊಡೆಯುವಾಗಲೂ ಕ್ಯಾನ್ ಅಲ್ಲಾಡಿಸುತ್ತಿರಬೇಕು. ಬಟಾಣಿ ಎಲೆಗೆ ಮೇಣದ ಹೊದಿಕೆ ಇರುವುದರಿಂದ ಹನಿ ಉರುಳಿ ಬೀಳುತ್ತದೆ, ಹಾಗಾಗಿ ಅಂಟು ದ್ರಾವಣ ಬೆರೆಸಲೇಬೇಕು. ಕೆಳಗಿನ ಎಲೆಯಲ್ಲಿ ಮೊದಲ ಬಿಳಿ ಚುಕ್ಕೆ ಕಂಡ ದಿನವೇ ಶುರು ಮಾಡಿ, ಎಲೆಯ ಎರಡೂ ಬದಿಗೆ ತಾಗಿಸಿ, 10–15 ದಿನಕ್ಕೊಮ್ಮೆ ಮತ್ತೆ ಕೊಡಿ. ಗಿಡವೆಲ್ಲ ಬೆಳ್ಳಗಾದ ಮೇಲೆ ಹೊಡೆದರೆ ಹಣ ದಂಡ. ಬಿಸಿಲು 32 ಡಿಗ್ರಿ ದಾಟುವಾಗ ಹೊಡೆದರೆ ಎಲೆಯಂಚು ಸುಡುತ್ತದೆ, ಆದ್ದರಿಂದ ಇಬ್ಬನಿ ಆರಿದ ಬೆಳಗಿನ ಹೊತ್ತೇ ಲೇಸು. ಕೊಯ್ಲಿಗೆ ಎಷ್ಟು ದಿನ ಬಿಡಬೇಕೆಂದು ಪ್ಯಾಕೆಟ್ ನೋಡಿ ಪಾಲಿಸಿ.

ಹುಳಿ ಮಜ್ಜಿಗೆ 1 ಲೀಟರಿಗೆ 9 ಲೀಟರ್ ನೀರು. ಬೆಣ್ಣೆ ಪೂರ್ತಿ ತೆಗೆದಿರಬೇಕು. ವಾರಕ್ಕೊಮ್ಮೆ ತಪ್ಪದೆ ಕೊಟ್ಟರೆ ರೋಗದ ಓಟ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹತ್ತಿಪ್ಪತ್ತು ಕುಂಡಗಳಿಗೆ ಇದು ಸಾಕು, ಕಾಲೆಕರೆಗೆ ಸಾಲದು.

ಅಡುಗೆ ಸೋಡಾವನ್ನು ನಾವು ಶಿಫಾರಸು ಮಾಡುವುದಿಲ್ಲ. ಲೀಟರಿಗೆ 5 ಗ್ರಾಂ ಹಾಕಿದರೆ ಹೊಸ ಚುಕ್ಕೆ ಕಡಿಮೆಯಾಗುವುದು ನಿಜ. ಪದೇಪದೇ ಹೊಡೆದರೆ ಎಳೆ ಕುಡಿಯ ಅಂಚು ಕಂದುತ್ತದೆ, ಅದರ ಸೋಡಿಯಂ ಮಣ್ಣಿಗೂ ಒಳ್ಳೆಯದಲ್ಲ.

ಬೇವಿನೆಣ್ಣೆಯನ್ನು ಹೇನಿಗಾಗಿ ಉಳಿಸಿಕೊಳ್ಳಿ: ಲೀಟರಿಗೆ 5 ಮಿ.ಲೀ., ಜೊತೆಗೆ ಸೋಪಿನ ನೀರು. ಗಂಧಕ ಹೊಡೆದ ಎರಡು ವಾರದೊಳಗೆ ಎಣ್ಣೆ ಮುಟ್ಟಿಸಬೇಡಿ, ಎರಡೂ ಸೇರಿದರೆ ಎಲೆ ಸುಡುತ್ತದೆ. ರಂಗೋಲಿ ಹುಳುವಿನ ಬಿಳಿ ಗೆರೆಗಳನ್ನು ಬೂದಿ ಎಂದುಕೊಂಡು ಗಂಧಕ ಹೊಡೆಯುವವರಿದ್ದಾರೆ. ಉಜ್ಜಿದರೆ ಹೋಗದ ಗೆರೆ ಹುಳುವಿನದು; ಎಲೆಯನ್ನು ಬೆಳಕಿಗೆ ಹಿಡಿದರೆ ಗೆರೆಯ ಕೊನೆಯಲ್ಲಿ ಕೋಶ ಕಾಣುತ್ತದೆ, ಅಲ್ಲೇ ಬೆರಳಿಂದ ಹಿಚುಕಿ. ಕಾಯಿಕೊರಕಕ್ಕೆ ಹೂ ಬಿಡುವಾಗಲೇ ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗ ಸೆಳೆಯುವ ಬಲೆ) ಕಟ್ಟಿ, ಎಳೆ ಮರಿ ಕಂಡರೆ ಬಿ.ಟಿ. ಪುಡಿಯನ್ನು (ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ) ಸಂಜೆ ಸಿಂಪಡಿಸಿ.

ಅರ್ಕಾ ಅಜಿತ್ ಹಾಕಿದವರೂ ಬೇರಿನ ಕಡೆ ಕಣ್ಣಿಟ್ಟಿರಬೇಕು. ಬೂದಿ, ತುಕ್ಕು ತಡೆಯುವ ಗುಣ ಮಣ್ಣಿನಿಂದ ಬೇರಿಗೆ ಹತ್ತುವ ಸೊರಗು ರೋಗವನ್ನು ತಡೆಯುವುದಿಲ್ಲ. ಒಮ್ಮೆ ಸೊರಗು ಬಂದ ಮಡಿಗೆ ಕನಿಷ್ಠ ಮೂರು ವರ್ಷ ಬಟಾಣಿ ಬೇಡ. ಆ ಜಾಗಕ್ಕೆ ರಾಗಿಯನ್ನೋ ಜೋಳವನ್ನೋ ಹಾಕಿ.