ಜಾಕ್‌ಲೈನ್ ತಂತಿಯದ್ದೋ ಪಟ್ಟಿಯದ್ದೋ? ಟೆದರ್ ಉದ್ದವೋ ಗಿಡ್ಡವೋ?

ಡಿಸೆಂಬರಿನಲ್ಲಿ ನಮ್ಮ ಕಾಸರಗೋಡಿನ ಕಡಲು ಬೆಳಗ್ಗೆ ತಣ್ಣಗಿರುತ್ತದೆ. ಮಧ್ಯಾಹ್ನದ ಮೇಲೆ ವಾಯುವ್ಯದಿಂದ ಗಾಳಿ ಏಳುತ್ತದೆ. ಕೊಚ್ಚಿಯಿಂದ ಮಂಗಳೂರಿಗೆ ಹೊರಟ ಹಾಯಿದೋಣಿಗೆ ಅದು ಎದುರುಗಾಳಿ. ಬೇಕಲ ಕೋಟೆ ಬಲಗಡೆ ಕಾಣುವ ಹೊತ್ತಿಗೆ ತೆರೆ ಬಡಿದು ಡೆಕ್ (ದೋಣಿಯ ಮೇಲ್ಹಾಸು) ಮೇಲೆಲ್ಲ ನೀರು. ಹಾಯಿ ಕುಗ್ಗಿಸಲು ಮಾಸ್ಟ್ (ಹಾಯಿಕಂಬ) ಬುಡಕ್ಕೆ ಹೋಗಬೇಕಾಗುವುದೂ ಆಗಲೇ. ಗೆಳೆಯನ ದೋಣಿಯಲ್ಲಿ ಈ ದಾರಿಯಲ್ಲೇ, ಕಡಲಿಗೆ ಬೀಳದಂತೆ ಮೈಯನ್ನು ದೋಣಿಗೆ ಕಟ್ಟಿಕೊಳ್ಳುವ ಈ ಸಾಧನಗಳನ್ನೆಲ್ಲ ಬಳಸಿ ನೋಡಿದ್ದೇನೆ.

ಡೆಕ್ ಉದ್ದಕ್ಕೂ ಬಿಗಿದು ಕಟ್ಟುವುದು ಜಾಕ್‌ಲೈನ್. ಎದೆಗೆ ಕಟ್ಟಿಕೊಂಡ ಪಟ್ಟಿಯಿಂದ (ಹಾರ್ನೆಸ್) ಅದಕ್ಕೆ ಕೊಕ್ಕೆ ಹಾಕುವ ಪಟ್ಟಿ ಟೆದರ್.

ಸ್ಟೀಲ್ ತಂತಿಯ ಜಾಕ್‌ಲೈನ್ ಬಿಸಿಲಿಗೆ ಹಾಳಾಗುವುದಿಲ್ಲ. ಆದರೆ ಕಾಲಿಟ್ಟರೆ ಉರುಳುತ್ತದೆ. ಒದ್ದೆ ಡೆಕ್ಕಿನಲ್ಲಿ ಅಷ್ಟು ಸಾಕು ಬೀಳಲಿಕ್ಕೆ. ಪಾಲಿಯೆಸ್ಟರ್ ಪಟ್ಟಿ ಚಪ್ಪಟೆಯಾಗಿ ಮಲಗಿರುತ್ತದೆ, ಪಾದಕ್ಕೆ ಗೊತ್ತೇ ಆಗುವುದಿಲ್ಲ. ಬಿಸಿಲು ಅದನ್ನು ತಿನ್ನುತ್ತದೆ, ಹಾಗಾಗಿ ದಡ ಸೇರಿದ ಮೇಲೆ ಬಿಚ್ಚಿ ಸುತ್ತಿಡಬೇಕು. ನೈಲಾನ್ ಬೇಡ, ನೆನೆದರೆ ಜಾಸ್ತಿ ಹಿಗ್ಗುತ್ತದೆ. ನನ್ನ ಓಟು ಪಾಲಿಯೆಸ್ಟರಿಗೆ.

ಇದಕ್ಕಿಂತ ದೊಡ್ಡ ವಿಷಯ ಟೆದರಿನ ಉದ್ದ. ಇವುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 12401 ಪ್ರಕಾರ ಅದು 2 ಮೀಟರ್ ಮೀರಬಾರದು. ಆ 2 ಮೀಟರಿನದ್ದರಲ್ಲಿ ಎದ್ದು ನಿಂತು ಕೆಲಸ ಮಾಡಬಹುದು, ಹಾಯಾಗಿರುತ್ತದೆ. ಆದರೆ ಬದಿಯಿಂದ ಬಿದ್ದರೆ ನೇರ ನೀರಿಗೆ. 5-6 ನಾಟ್ (ಗಂಟೆಗೆ ಸುಮಾರು 9-11 ಕಿ.ಮೀ.) ವೇಗದಲ್ಲಿ ದೋಣಿ ಎಳೆದುಕೊಂಡು ಹೋಗುವಾಗ ಮುಖಕ್ಕೆ ನೀರು ನುಗ್ಗುತ್ತದೆ, ಉಸಿರಾಡಲು ಆಗುವುದಿಲ್ಲ. 1 ಮೀಟರಿನದ್ದು ಹಾಕಿದರೆ ಬಗ್ಗಿ, ಕೆಲವೊಮ್ಮೆ ಅಂಡೂರಿ ಸರಿಯಬೇಕು. ಸೊಂಟ ನೋಯುತ್ತದೆ, ನಿಧಾನ. ಆದರೂ ಡೆಕ್ ಮೇಲೇ ಉಳಿಯುತ್ತೀರಿ! ಅದೇ ತಾನೇ ಬೇಕಾದ್ದು? ಉದ್ದ, ಗಿಡ್ಡ ಎರಡೂ ಕವಲಿರುವ ಟೆದರ್ ಸಿಕ್ಕರೆ ಬೇರೆ ಯೋಚನೆ ಬೇಡ. ಜಾಗ ಬದಲಿಸುವಾಗ ಒಂದನ್ನು ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ.

ಜಾಕ್‌ಲೈನನ್ನು ಅಂಚಿನಲ್ಲಿ ಕಟ್ಟುವುದು ಸುಲಭ, ಆದರೆ ಬಿದ್ದರೆ ಹೊರಗೇ. ಕ್ಯಾಬಿನ್ ಪಕ್ಕದಲ್ಲಿ, ನಡುವಿಗೆ ಹತ್ತಿರ ಕಟ್ಟಿದಾಗ ಗಿಡ್ಡ ಟೆದರ್ ಅಂಚು ದಾಟಲು ಬಿಡುವುದಿಲ್ಲ. ಓಡಾಟ ಯಾವಾಗಲೂ ಗಾಳಿ ಬರುವ, ಎತ್ತರದ ಬದಿಯಲ್ಲಿ.

ಕೊಕ್ಕೆಯ ಮೇಲೂ ಕಣ್ಣಿರಲಿ. 2017ರ ನವೆಂಬರಿನಲ್ಲಿ ಭೂಮಿ ಸುತ್ತುವ ಹಾಯಿದೋಣಿ ಸ್ಪರ್ಧೆಯಾದ ಕ್ಲಿಪ್ಪರ್ ರೇಸಿನ ದೋಣಿಯೊಂದರಲ್ಲಿ ಟೆದರಿನ ಕೊಕ್ಕೆ ಕ್ಲೀಟಿನಡಿ (ಹಗ್ಗ ಸುತ್ತಿ ಕಟ್ಟುವ ಗೂಟದಡಿ) ಸಿಕ್ಕಿತು. ಅಡ್ಡಕ್ಕೆ ಜಗ್ಗಿದ್ದರಿಂದ ಬಾಗಿ ಬಿಟ್ಟುಕೊಂಡಿತು. ಟೆದರ್ ಹಾಕಿಕೊಂಡೇ ಇದ್ದ ನಾವಿಕ ತೀರಿಕೊಂಡರು. ಕೊಕ್ಕೆ ಕ್ಲೀಟಿನ ಹತ್ತಿರ ಬಂದಾಗೆಲ್ಲ ನಾನು ಕೈಯಲ್ಲಿ ಎತ್ತಿ ದಾಟಿಸುತ್ತೇನೆ.

ಮಂಜೇಶ್ವರದಲ್ಲಿ ಮೀನಿಗೆ ಹೋಗುವ ಅಣ್ಣ ಒಬ್ಬರು ಕೇಳಿದ್ದರು, "ಕಟ್ಟಿಕೊಂಡು ಕೆಲಸ ಮಾಡ್ಲಿಕ್ಕೆ ಆಗ್ತದಾ ಮಾರಾಯ?" ಆಗುತ್ತದೆ ಅಣ್ಣ, ಸ್ವಲ್ಪ ನಿಧಾನ ಅಷ್ಟೇ. ನಿಮ್ಮ ಬೋಟಿನಲ್ಲಿ ಇಂಜಿನ್ ಓಡುತ್ತಲೇ ಇರುತ್ತದೆ, ಜನರೂ ಇರುತ್ತಾರೆ, ಬಿದ್ದವನ ಕಡೆ ಕೂಡಲೇ ತಿರುಗಿಸಬಹುದು. ಇಬ್ಬರೇ ಇರುವ ಹಾಯಿದೋಣಿ ತಿರುಗಿ ಬರುವಷ್ಟರಲ್ಲಿ ತೆರೆಗಳ ನಡುವೆ ತಲೆ ಕಾಣದಾಗುತ್ತದೆ. ಹಾಗಾಗಿ ಕ್ಯಾಬಿನ್ನಿನ ಮೆಟ್ಟಿಲಲ್ಲಿ ನಿಂತೇ ಮೊದಲ ಕೊಕ್ಕೆ ಹಾಕಿ, ಆಮೇಲೆ ಹೊರಗೆ ಕಾಲಿಡಿ.