ಗಡಿ ಬದಿಯ ಮಣ್ಣು ದಾರಿಗೆ ಯಾವ ಆಫ್‌ಲೈನ್ ಮ್ಯಾಪ್ ಆಗ್ತದೆ?

ಕೇರಳದ ಪಾಣತ್ತೂರಿಂದ ಕಲ್ಲಪಳ್ಳಿ, ಬಡ್ಡಡ್ಕ, ಆಲೆಟ್ಟಿ ಅಂತ ಗಡಿ ದಾಟಿ ಕರ್ನಾಟಕದ ಸುಳ್ಯಕ್ಕೆ ಹೋಗುವಾಗ ನನ್ನ ಫೋನಿಗೆ ನೆಟ್‌ವರ್ಕ್ ಬರೂದು ಹೋಗೂದು ನಡೀತಾನೇ ಇರ್ತದೆ, ಡಾಮರು ಬಿಟ್ಟು ರಬ್ಬರ್ ತೋಟದ ದಾರಿಗೆ ಜೀಪ್ ಇಳಿಸಿದ್ರೆ ಪೂರ್ತಿ ಇಲ್ಲ. ಹಾಗಾಗಿ ಎರಡು ವರ್ಷದಿಂದ ಗೂಗಲ್ ಮ್ಯಾಪ್ಸ್, ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆ್ಯಂಡ್ ಮೂರನ್ನೂ ಫೋನಲ್ಲಿ ಇಟ್ಕೊಂಡೇ ಓಡಿಸ್ತಾ ಇದ್ದೇನೆ. ಮಣ್ಣು ದಾರಿಗೆ ಒಂದೇ ಸಾಕು ಅಂತ ಕೇಳಿದ್ರೆ ಓಸ್ಮ್‌ಆ್ಯಂಡ್ ಹಾಕಿ ಅಂತಲೇ ಹೇಳೂದು.

ಯಾಕಂದ್ರೆ ನಮಗೆ ದಾರಿ ಉಂಟಾ ಅಂತ ಗೊತ್ತಾದ್ರೆ ಸಾಲದು, ಎಂಥಾ ದಾರಿ ಅಂತ ಗೊತ್ತಾಗ್ಬೇಕು. ಹೋದ ಮಳೆಗಾಲ ಒಂದು ಆ್ಯಪ್ (ಹೆಸರು ಬೇಡ) ತೋರಿಸಿದ ಅಡ್ಡದಾರಿ ಹಿಡಿದು ಹೋದೆವು, ಸ್ಕ್ರೀನಲ್ಲಿ ಡಾಮರು ರಸ್ತೆಗೂ ಅದಕ್ಕೂ ಒಂದೇ ನಮೂನೆ ಗೆರೆ, ಚಡವು ಇಳಿದು ನೋಡಿದ್ರೆ ಎದುರು ತುಂಬಿ ಹರಿಯುವ ತೋಡು, ಅದರ ಮೇಲೆ ಎರಡು ಅಡಿಕೆಮರ ಹಾಕಿದ ಸಂಕ, ಅಷ್ಟೇ. ತಿರುಗಿಸ್ಲಿಕ್ಕೆ ಜಾಗ ಇಲ್ಲ. ಆ ಜಾರುವ ಚಡವಲ್ಲಿ ರಿವರ್ಸ್ ಹತ್ತಿ ಮೇಲೆ ಬರುವಷ್ಟರಲ್ಲಿ ಕತ್ತಲಾಗಿತ್ತು, ಹಿಂದೆ ಮಕ್ಕಳು ಬೇರೆ ಇದ್ರು.

ಓಸ್ಮ್‌ಆ್ಯಂಡ್, ಆರ್ಗ್ಯಾನಿಕ್ ಎರಡಕ್ಕೂ ಮ್ಯಾಪ್ ಬರೂದು ಓಪನ್‌ಸ್ಟ್ರೀಟ್‌ಮ್ಯಾಪಿಂದ, 2004ರಲ್ಲಿ ಶುರುವಾದದ್ದು, ಜನರೇ ಬರೆದು ತುಂಬಿಸುವ ಮ್ಯಾಪ್. ಅದರಲ್ಲಿ ಮಣ್ಣು ದಾರಿಗೆ ಟ್ರ್ಯಾಕ್ ಅಂತ ಬೇರೆ ಗುರುತು ಉಂಟು, ಗಟ್ಟಿ ನೆಲ ಆದ್ರೆ ಗ್ರೇಡ್ 1, ಪೂರಾ ಮೆತ್ತನೆ ಮಣ್ಣಾದ್ರೆ ಗ್ರೇಡ್ 5. ಓಸ್ಮ್‌ಆ್ಯಂಡಲ್ಲಿ ರೋಡ್ ಸರ್ಫೇಸ್ ಆನ್ ಮಾಡಿದ್ರೆ ಡಾಮರು, ಜಲ್ಲಿ, ಮಣ್ಣು ಬೇರೆ ಬೇರೆಯಾಗಿ ಕಾಣ್ತದೆ. ಯಾರೂ ಗುರುತು ಹಾಕದ ದಾರಿಗೆ ಏನೂ ಕಾಣೂದಿಲ್ಲ, ಆಗ ಕಂಟೂರ್ ಗೆರೆ (ನೆಲದ ಎತ್ತರ ತಗ್ಗು ತೋರಿಸುವ ಗೆರೆ) ನೋಡಿ, ಗೆರೆ ಒತ್ತೊತ್ತಾಗಿ ಇದ್ರೆ ಚಡವು ಜೋರು ಅಂತ ಲೆಕ್ಕ, ಮಳೆ ಬಂದ ದಿನ ನಾನು ಅಂಥಲ್ಲಿಗೆ ಇಳಿಯೂದೇ ಇಲ್ಲ. ಪ್ಲೇಸ್ಟೋರಿನ ಫ್ರೀ ಓಸ್ಮ್‌ಆ್ಯಂಡಲ್ಲಿ ಕಂಟೂರಿಗೆ ದುಡ್ಡು ಕೊಡ್ಬೇಕು, ಮ್ಯಾಪ್ ಡೌನ್‌ಲೋಡ್ ಕೂಡ 7 ಮಾತ್ರ, ನಮಗೆ ಅಷ್ಟು ಧಾರಾಳ ಸಾಕು. ಹಳೇ ಫೋನಲ್ಲಿ ಸ್ವಲ್ಪ ಎಳೀತದೆ, ಮೆನು ಕಲೀಲಿಕ್ಕೆ ಒಂದು ವಾರ ಬೇಕು, ಇದು ನಿಜವಾದ ಕಷ್ಟ.

ನಮ್ಮ ಕಡೆಯವರಿಗೆ ಮುಖ್ಯ ವಿಷಯ, ಓಸ್ಮ್‌ಆ್ಯಂಡಲ್ಲಿ ಕೇರಳ ಬೇರೆ ಫೈಲ್, ಕರ್ನಾಟಕ ಬೇರೆ ಫೈಲ್. ಒಂದೇ ಹಾಕಿದ್ರೆ ಗಡಿ ದಾಟಿದ ಕೂಡ್ಲೇ ದೊಡ್ಡ ರಸ್ತೆ ಬಿಟ್ಟು ಉಳಿದದ್ದೆಲ್ಲ ಮಾಯ, ಕರಿಕೆ ಮೇಲಾಗಿ ಭಾಗಮಂಡಲಕ್ಕೆ ಹೋಗುವವರು ಎರಡನ್ನೂ ಮನೆಯಲ್ಲೇ ಹಾಕ್ಕೊಳ್ಳಿ.

ಆರ್ಗ್ಯಾನಿಕ್ ಮ್ಯಾಪ್ಸ್ ಹಗುರ, ಜಾಹೀರಾತಿಲ್ಲ, ಕಂಟೂರಿಗೂ ದುಡ್ಡಿಲ್ಲ, ಹೊಸಬರಿಗೆ ಇದೇ ಸುಲಭ. ಪಕ್ಕದಲ್ಲಿ ಕೂತವರ ಫೋನಿಗೆ ಇದನ್ನು ಹಾಕಿಸ್ತೇನೆ. ಆದ್ರೆ ರಸ್ತೆ ಹೇಗುಂಟು ಅಂತ ಓಸ್ಮ್‌ಆ್ಯಂಡಿನಷ್ಟು ಬಿಡಿಸಿ ತೋರಿಸೂದಿಲ್ಲ. ಗೂಗಲ್ ಆಫ್‌ಲೈನ್ ಪೇಟೆಗೆ, ಪೆಟ್ರೋಲ್ ಪಂಪಿಗೆ, ಹೋಟೆಲಿಗೆ ಒಳ್ಳೇದು, ಸ್ಯಾಟಲೈಟ್ ಚಿತ್ರ ಮಾತ್ರ ಆಫ್‌ಲೈನ್ ಸೇವ್ ಆಗೂದಿಲ್ಲ, ಅದನ್ನು ಮನೆಯ ವೈಫೈಯಲ್ಲೇ ನೋಡಿ ಎಲ್ಲಿ ತೋಡು ಅಡ್ಡ ಬರ್ತದೆ ಅಂತ ತಿಳ್ಕೊಂಡು ಹೊರಡೂದು.

ಪದವಿನ (ಕೆಂಪುಕಲ್ಲಿನ ಬೋಳು ಗುಡ್ಡದ) ಮೇಲೆ ಮಾತ್ರ ಯಾವ ಆ್ಯಪನ್ನೂ ನಂಬ್ಬೇಡಿ ಮಾರಾಯ್ರೆ. ಕೆಂಪುಕಲ್ಲು ಕಡಿಯುವ ಜಾಗದಲ್ಲಿ ಹೋದ ವರ್ಷ ಲಾರಿ ಓಡಿದ ದಾರಿ ಈ ವರ್ಷ ಸೀದಾ ಹೊಂಡಕ್ಕೆ ಹೋಗಿ ನಿಲ್ತದೆ, ಮಳೆಗಾಲದಲ್ಲಿ ಆ ಹೊಂಡ ಕೆಂಪು ನೀರು ತುಂಬಿ ನಿಂತ್ರೆ ರಾತ್ರಿ ಹೆಡ್‌ಲೈಟಿಗೆ ಸಮತಟ್ಟು ನೆಲದ ಹಾಗೆ ಕಾಣ್ತದೆ. ಅನುಮಾನ ಬಂದ್ರೆ ಒಬ್ಬರು ಇಳಿದು ಮುಂದೆ ನಡೀಬೇಕು. ಹಾಗೇ ಮ್ಯಾಪಲ್ಲಿ ಗೆರೆ ಉಂಟು ಅಂತ ಕಾಡಿನೊಳಗೆ, ಎಸ್ಟೇಟ್ ಗೇಟಿನೊಳಗೆ ನುಗ್ಗುವ ಹಾಗಿಲ್ಲ, ಕೇಳಿಯೇ ಹೋಗ್ಬೇಕು.

ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಸಿಗ್ನಲ್ ಉಪಗ್ರಹದಿಂದ ಬರೂದು. ಆದ್ರೆ ನೆಟ್‌ವರ್ಕ್ ಇಲ್ಲದ ಕಡೆ ಫಸ್ಟ್ ಲೊಕೇಶನ್ ಹಿಡೀಲಿಕ್ಕೆ ತಡ ಆಗ್ತದೆ, ಅದಕ್ಕೆ ಪೇಟೆ ಬಿಡುವ ಮೊದಲೇ ಆ್ಯಪ್ ತೆರೆದಿಡಿ. ಒಂದ್ಸಲ ಏರೋಪ್ಲೇನ್ ಮೋಡಲ್ಲಿ ಮನೆ ಹತ್ತಿರ ಓಡಿಸಿ ನೋಡಿ, ಯಾವ ಮ್ಯಾಪ್ ಬಾಕಿ ಉಂಟು ಅಂತ ಅಲ್ಲೇ ಗೊತ್ತಾಗ್ತದೆ.

ಇನ್ನೊಂದು ಖುಷಿ ಅಂದ್ರೆ ಓಸ್ಮ್‌ಆ್ಯಂಡಲ್ಲಿ ಮ್ಯಾಪಿನ ಭಾಷೆ ಕನ್ನಡ ಅಂತ ಇಡ್ಬಹುದು, ಯಾರಾದ್ರೂ ಕನ್ನಡ ಹೆಸರು ಸೇರಿಸಿದ್ದ ಕಡೆ ಕುಂಬಳೆ ಕುಂಬಳೆ ಅಂತಲೇ ಕಾಣ್ತದೆ. ಕಾಸರಗೋಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಆರ್ಗ್ಯಾನಿಕ್ ಮ್ಯಾಪ್ಸಲ್ಲೇ ಓಪನ್‌ಸ್ಟ್ರೀಟ್‌ಮ್ಯಾಪ್ ಅಕೌಂಟಿಗೆ ಲಾಗಿನ್ ಆಗಿ ಊರಿನ ಕನ್ನಡ ಹೆಸರು ಹಾಕ್ಲಿಕ್ಕೆ ಆಗ್ತದೆ, ನಮ್ಮ ಸುತ್ತಿನ ನಾಲ್ಕೈದು ಜಾಗಕ್ಕೆ ಅಲ್ಲಿಯ ಅಜ್ಜಂದಿರನ್ನು ಕೇಳಿ ನಾನೇ ಹಾಕಿದ್ದೇನೆ. ರಸ್ತೆ ತಿದ್ದಬೇಕಾದ್ರೆ ಮಾತ್ರ ಓಪನ್‌ಸ್ಟ್ರೀಟ್‌ಮ್ಯಾಪ್ ಸೈಟಿಗೇ ಹೋಗ್ಬೇಕು. ಆ ಅಡಿಕೆಮರದ ಸಂಕದ ದಾರಿ ಅಲ್ಲೂ ಟ್ರ್ಯಾಕ್ ಅಂತಲೇ ಇತ್ತು, ಕಾಲುದಾರಿ ಅಂತ ತಿದ್ದಿದೆ, ಮುಂದಿನ ಮ್ಯಾಪ್ ಅಪ್‌ಡೇಟಲ್ಲಿ ಬಂತು, ಈಗ ಓಸ್ಮ್‌ಆ್ಯಂಡ್ ಗಾಡಿಯನ್ನು ಆ ತೋಡಿನ ಕಡೆ ಕಳಿಸೂದಿಲ್ಲ.