ಆರ್‌ಸಿ ಟ್ರಕ್ ಟೈರ್‌ಗೆ ನೀರು: ರಿಮ್ ತೂತು ಮುಚ್ಚಬೇಕೇ, ಟೈರ್‌ಗೆ ತೂತು ಹೊಡೆಯಬೇಕೇ?

ಆರ್‌ಸಿ ಟ್ರಕ್ (ರಿಮೋಟ್‌ನಿಂದ ಓಡಿಸುವ ಪುಟ್ಟ ಟ್ರಕ್) ಟೈರ್‌ಗೆ ನೀರು ಒಳಹೋಗುವುದು ಹೆಚ್ಚಾಗಿ ರಿಮ್‌ನ ಗಾಳಿ ತೂತುಗಳಿಂದ. ಒಳಗಿನ ಸಾದಾ ಫೋಮ್ ಅದನ್ನು ಹೀರಿಕೊಂಡರೆ ಚಕ್ರ ಭಾರವಾಗಿ ವೇಗದಲ್ಲಿ ಅದುರುತ್ತದೆ. ಗೇರು, ಆಕ್ಸಲ್‌ಗಳ ಮೇಲೆ ಹೊರೆ ಬೀಳುತ್ತದೆ.

ರಿಮ್ ತೂತು ಮಾತ್ರ ಮುಚ್ಚುವುದು ಸುಲಭ. ಟೈರ್ ಅಂಟಿಸುವ ಮುನ್ನ ರಿಮ್‌ನ ಟೈರ್‌ನೊಳಗೆ ಸೇರುವ ಬದಿಯನ್ನು ಸ್ಪಿರಿಟ್‌ನಿಂದ ಒರೆಸಿ ಗಟ್ಟಿ ಟೇಪ್ ಸುತ್ತಿ. ಆದರೆ ಗಾಳಿ ಹೊರಹೋಗದೆ ಟೈರ್ ಚೆಂಡಿನಂತೆ ಪುಟಿಯುತ್ತದೆ. ಅಂಚಿನ ಅಂಟು ಒಂದೆಡೆ ಬಿಟ್ಟಿದ್ದರೂ ಸಾಕು, ಒಳಹೊಕ್ಕ ನೀರಿಗೆ ಹೊರದಾರಿಯೇ ಇಲ್ಲ.

ಟೈರ್‌ಗೆ ತೂತು ಹೊಡೆದರೆ ಚಕ್ರ ತಿರುಗುವ ರಭಸಕ್ಕೆ ನೀರು ತಾನೇ ಹೊರಚಿಮ್ಮುತ್ತದೆ. ಚರ್ಮದ ಪಂಚ್‌ನಿಂದ, ಟೈರ್ ಮೇಲ್ಮೈಯ ಉಬ್ಬು ಗುಬುಟುಗಳ ನಡುವೆ, ಎದುರುಬದುರಾಗಿ 3–4 ಮಿ.ಮೀ.ನ ಎರಡು ತೂತು ಸಾಕು. ಚಾಕು ಬೇಡ, ಸೀಳಿನ ತುದಿಯಿಂದ ರಬ್ಬರ್ ಹರಿಯುತ್ತಾ ಹೋಗುತ್ತದೆ. ನುಣ್ಣನೆ ಮರಳು ಒಳಸೇರುವುದು ಇದರ ಕೊರತೆ.

ನೀರು, ಕೆಸರಿನಲ್ಲಿ ಓಡಿಸುವವರು ಎರಡನ್ನೂ ಒಟ್ಟಿಗೆ ಮಾಡಿ: ರಿಮ್ ಮುಚ್ಚಿ, ಟೈರ್‌ಗೆ ತೂತು ಹೊಡೆಯಿರಿ. ಫೋಮ್ ಬದಲಿಸುವುದಾದರೆ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ಹಾಕಿ. ತುಸು ಗಡುಸು, ಆದರೆ ಬಾಳಿಕೆ ಹೆಚ್ಚು. ಒಣ ನೆಲದಲ್ಲೇ ಓಡಿಸುವವರು ರಿಮ್ ಅನ್ನು ಇದ್ದಂತೆಯೇ ಬಿಡಬಹುದು.

ಓಡಿಸಿದ ಮೇಲೆ ಒಂದು ತೂತು ಕೆಳಮುಖವಾಗಿರುವಂತೆ ಚಕ್ರ ನಿಲ್ಲಿಸಿ, ರಾತ್ರಿಯಿಡೀ ಬಸಿಯಲು ಬಿಡಿ.